ಒಲ್ಲದಮ್ಮನ ದಂಡೆ

ಕೆಂಬರೆ ದ್ವೀಪಕ್ಕೆ ಕರಾವಳಿಯಿಂದ ದೋಣಿಯಲ್ಲಿ ಒಂದೂವರೆ ತಾಸಿನ ದಾರಿ. ಮೂಡಲ ಮಗ್ಗುಲಲ್ಲಿ ದೋಣಿ ನಿಲ್ಲುವ ಕಟ್ಟೆ ಇದೆ, ಅದರ ಮೇಲೆ ಮೂರು ಚಹಾದಂಗಡಿ, ಬಾಡಿಗೆಗೆ ಕೊಡುವ ಆರೆಂಟು ಕೋಣೆ. ಬಂದವರು ಅಲ್ಲಿ ಎಳನೀರು ಕುಡಿದು, ತೆಂಗಿನ ತೋಪಿನ ಕಾಲುದಾರಿ ಹಿಡಿದು ಪಡುವಣ ದಂಡೆಗೆ ಇಳಿಯುತ್ತಾರೆ. ಮಳೆಯ ಜೋರು ತಗ್ಗಿ ಕಡಲು ಇನ್ನೂ ಪೂರ್ತಿ ತಣ್ಣಗಾಗದ ಎರಡು ತಿಂಗಳು ಆ ದಂಡೆಗೆ ಒಳ್ಳೆಯ ಗಿರಾಕಿ. ತೆರೆಯ ಮೇಲೆ ಸವಾರಿ ಮಾಡುವ ಸರ್ಫಿಂಗ್‌ನವರು ದೂರದೂರದ ಊರುಗಳಿಂದ ಬಣ್ಣದ ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತಾರೆ. ಅರ್ಧ ಮೈಲಿ ಉದ್ದದ ಆ ದಂಡೆಯ ಎರಡೂ ಕಡೆ ತೆರೆ ಆಳೆತ್ತರ ಎದ್ದು ಒಡೆದು ನೊರೆ ಕಾರುತ್ತದೆ. ನಡುವೆ ಮಾತ್ರ ಒಂದು ಓಣಿಯ ಅಗಲಕ್ಕೆ ನೀರು ಹಸಿರಾಗಿ, ಸುಕ್ಕಿಲ್ಲದ ಬಟ್ಟೆಯಂತೆ ಮಲಗಿರುತ್ತದೆ. ಹೊಸಬರ ಕಾಲು ತಾನಾಗಿ ಆ ಓಣಿಯ ಕಡೆಗೇ ಹೋಗುತ್ತದೆ. ಆಗ ಮರಳಿನ ಮೇಲೆ ಮೀನು ಒಣಗಿಸುತ್ತ ಕುಳಿತ ಹೆಂಗಸು ಯಾರಾದರೂ, "ಅಲ್ಲಿ ಬೇಡ ಮಾರಾಯ್ರೆ, ಗಲಾಟೆ ಇದ್ದಲ್ಲಿ ಇಳಿಯಿರಿ" ಎಂದು ಕೂಗಿ ಹೇಳುತ್ತಾಳೆ. ಕೇಳಿದವರಿಗೆ ಇದು ತಲೆಕೆಳಗಾದ ಮಾತೆನಿಸುತ್ತದೆ. ಅದಕ್ಕಿಂತ ತಲೆಕೆಳಗಾದದ್ದು, ಗಲಾಟೆ ಇರುವ ಬದಿಯ ಬಂಡೆಗೆ ಒರಗಿಸಿ ನಿಲ್ಲಿಸಿದ ಮೊಣಕಾಲೆತ್ತರದ ಕರಿಕಲ್ಲಿನ ಹೆಸರು. ಕೊಟ್ಟದ್ದನ್ನು ಸ್ವೀಕರಿಸಿ ಹರಸುವ ದೇವರನ್ನು ಎಲ್ಲರೂ ಬಲ್ಲರು. ಆದರೆ ಈ ದೇವಿಗೆ ಒಲ್ಲದಮ್ಮ ಎಂದು ಹೆಸರು, ಎಂದರೆ ಬೇಡವೆನ್ನುವವಳು. ಬೇಡವೆನ್ನುವ ದೇವಿಗೆ ಜನ ಯಾಕೆ ಕೈಮುಗಿದಾರು ಎಂದು ಕೇಳಿದರೆ, ದ್ವೀಪದ ಹಿರಿಯರು ನೇಮಣ ಸೆಟ್ಟಿಯ ಕಥೆಯನ್ನು ಎತ್ತುತ್ತಾರೆ.

ಹಿಂದೆ ಒಮ್ಮೆ, ಬಂದರಿಗೊಬ್ಬ ಅರಸ ಇದ್ದ ಕಾಲದಲ್ಲಿ, ನೇಮಣ ಸೆಟ್ಟಿ ತೆಂಗಿನಕಾಯಿಯ ವ್ಯಾಪಾರಕ್ಕೆ ವರ್ಷವರ್ಷ ಕೆಂಬರೆಗೆ ಬರುತ್ತಿದ್ದನಂತೆ. ಜೈನರವನು, ಐವತ್ತು ದಾಟಿದವನು, ಮಾತು ಕಡಿಮೆ. ದ್ವೀಪದವರ ದೈವದೇವರ ವಿಷಯಕ್ಕೆ ಅವನು ಬಾಯಿ ಹಾಕಿದವನಲ್ಲ. ಗಿರಾಕಿಯ ಮನೆಗೆ ಹೋದರೆ ಜಗಲಿಯಲ್ಲಿ ಕುಳಿತು ವ್ಯವಹಾರ ಮುಗಿಸಿ ಏಳಬೇಕು, ಒಳಕೋಣೆಯಲ್ಲಿ ಏನಿದೆಯೆಂದು ಇಣುಕಬಾರದು ಎಂಬ ಲೆಕ್ಕ ಅವನದು. ಆಗ ದ್ವೀಪದವರ ನಂಬಿಕೆ ಹೀಗಿತ್ತು ಎನ್ನುತ್ತಾರೆ: ದೇವಿ ಇರುವುದು ಹಸಿರು ಓಣಿಯಲ್ಲಿ. ಅಲ್ಲಿ ಕಾಯಿ ಬಿಟ್ಟರೆ ಅದು ನೆಟ್ಟಗೆ ಕಡಲಿನೊಳಕ್ಕೆ ಹೋಗುತ್ತದೆ. ಅಮ್ಮ ಒಪ್ಪಿದಳೆಂದು ಅರ್ಥ. ಬಿಳಿ ನೊರೆಯಲ್ಲಿ ಬಿಟ್ಟ ಕಾಯಿ ಉರುಳಿಕೊಂಡು ಕಾಲಬುಡಕ್ಕೇ ವಾಪಸು ಬರುತ್ತದೆ. ಅದು ಅಮ್ಮ ತಿರಸ್ಕರಿಸಿದ ಜಾಗ, ಅಲ್ಲಿ ಯಾರೂ ಕಾಲು ತೋಯಿಸಕೂಡದು. ಹಾಗಾಗಿ ಮೀಯುವುದು, ಬಲೆ ತೊಳೆಯುವುದು, ದೋಣಿ ಒಡೆದವನು ಈಜಿ ಬರುವುದು ಎಲ್ಲವೂ ಓಣಿಯಲ್ಲೇ. ವರ್ಷಕ್ಕೆ ಒಬ್ಬರೋ ಇಬ್ಬರೋ ಅಲ್ಲಿಂದ ಮರಳುತ್ತಿರಲಿಲ್ಲ. ದೇವಿ ಮೈಮೇಲೆ ಬರುವ ಪಾತ್ರಿ ಆ ಮನೆಗೆ ಹೋಗಿ, ಅಮ್ಮ ಮೆಚ್ಚಿ ಕರೆದುಕೊಂಡಳು, ಅಳಬೇಡಿ ಎಂದು ಹೂವು ಕೊಟ್ಟು ಬರುತ್ತಿದ್ದ. ದುಗ್ಗು ಎಂಬ ಹೆಂಗಸಿನ ಗಂಡ ಹೀಗೆ ಹೋಗಿ ಆರು ವರ್ಷವಾಗಿತ್ತು. ಆ ಹೂವು ಒಣಗಿ ಪುಡಿಯಾದರೂ ಅವಳು ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೇ ಇದ್ದಳು.

ಆ ವರ್ಷ ಸೆಟ್ಟಿಗೆ ಅವಸರ. ಚೌತಿಗೆ ಆರು ದಿನ ಉಳಿದಿತ್ತು, ಕರಾವಳಿಯ ಊರುಗಳಲ್ಲಿ ಮನೆಮನೆಗೂ ಕಾಯಿ ಬೇಕು. ಅವನ ಮಂಜಿಯಲ್ಲಿ, ಎಂದರೆ ಹಾಯಿಕಟ್ಟಿದ ಸರಕಿನ ದೋಣಿಯಲ್ಲಿ, ಸಿಪ್ಪೆ ಸಹಿತ ಕಾಯಿ ಕಂಠಮಟ್ಟ ತುಂಬಿತ್ತು. ಅದನ್ನು ನಡೆಸುವ ತಂಡೇಲ ಹಸನಬ್ಬ ಆಕಾಶ ನೋಡಿ, "ಎರಡು ದಿನ ತಡೆಯುವ ಸೆಟ್ರೆ, ಗಾಳಿ ಮುಖ ತಿರುಗಿಸುವ ಹಾಗೆ ಉಂಟು" ಎಂದ. "ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಕಾಯಿ ಕೇಳುವವರು ಯಾರು ಹಸನಬ್ಬ? ಎತ್ತು ಲಂಗರು" ಎಂದ ಸೆಟ್ಟಿ. ಕರಾವಳಿಯಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದ ದುಗ್ಗು ಒಂದು ಗಂಟು ಹಿಡಿದು ಹತ್ತಿ ಕುಳಿತಳು. ಅವಳು, ಸೆಟ್ಟಿ, ತಂಡೇಲ, ಮೂವರು ಆಳುಗಳು, ಒಟ್ಟು ಆರು ಜನ. ಹಸನಬ್ಬ ಹೇಳಿದಂತೆಯೇ ಗಾಳಿ ತಿರುಗಿತು. ಮಂಜಿಯನ್ನು ಬಡಗಣ ಮೂಲೆ ದಾಟಿಸಿ ಪಡುವಣಕ್ಕೆ ದಬ್ಬಿಕೊಂಡು ಬಂದು, ಮಧ್ಯಾಹ್ನದ ಹೊತ್ತಿಗೆ ದಂಡೆಯಿಂದ ಒಂದು ಕೂಗಿನ ದೂರದಲ್ಲಿದ್ದ ನೀರೊಳಗಿನ ಬಂಡೆಗೆ ಏರಿಸಿ ವಾಲಿಸಿಬಿಟ್ಟಿತು. ತಳದ ಎರಡು ಹಲಗೆ ಕಿತ್ತವು. ಒಂದೊಂದು ತೆರೆಗೂ ಮರ ನರಳುತ್ತಿತ್ತು. ಹಸನಬ್ಬ ಹಗ್ಗ ಹಿಡಿದು ನಿಂತು, "ಇಳಿಯಿರಿ ಸೆಟ್ರೆ, ಚೌತಿಗೆ ಹೋಗುವ" ಎಂದನಂತೆ. ತಪ್ಪು ತನ್ನದೆಂದು ಸೆಟ್ಟಿಗೆ ಗೊತ್ತಿತ್ತು. ಮಂಜಿ ಇನ್ನು ಒಂದು ತಾಸೂ ತಾಳುವುದಿಲ್ಲವೆಂಬುದೂ ಗೊತ್ತಿತ್ತು.

ದಂಡೆಯಲ್ಲಿ ಊರೇ ಸೇರಿತು. ಮುಂದೆ ನಿಂತ ಊರ ಯಜಮಾನ ಸೂರ ಗುರಿಕಾರ ತನ್ನ ಪಂಚೆ ಬಿಚ್ಚಿ ಓಣಿಯ ಕಡೆಗೆ ಬೀಸಿ ಬೀಸಿ, ಅಲ್ಲಿ ಬನ್ನಿ, ಅಲ್ಲಿ ಬನ್ನಿ ಎಂದು ಕರೆಯುತ್ತಿದ್ದ. ಆಳುಗಳಲ್ಲಿ ಕೂಕ್ರ ಎಂಬವನು ಮೀನಿನಂತೆ ಈಜುವವನು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಮೊದಲು ಅವನೇ ಹಾರಿದ. ಹಸಿರು ನೀರಿನಲ್ಲಿ ಚೆನ್ನಾಗಿ ಕೈ ಬೀಸಿದ, ಆದರೆ ಮುಂದೆ ಹೋಗಲಿಲ್ಲ. ಮತ್ತೆ ಬೀಸಿದ, ಹಿಂದಕ್ಕೆ ಬಂದ. ಕೊನೆಗೆ ಮಂಜಿಯನ್ನೂ ದಾಟಿ ಹೊರಗಡಲಿಗೆ ತೇಲತೊಡಗಿದಾಗ ನಾಲ್ಕು ಜನ ಸೇರಿ ಹಗ್ಗ ಎಳೆದು ಮೇಲೆ ಹಾಕಿಕೊಂಡರು. ಅವನು ನೀರು ಕಾರಿ, "ಕಾಲು ಹಿಡಿದು ಎಳೆದ ಹಾಗೆ ಆಗ್ತದೆ" ಎಂದಷ್ಟೇ ಹೇಳಿದ. ದುಗ್ಗು ಗಂಟು ಕೆಳಗಿಟ್ಟು ಕೈಮುಗಿದಳು. "ಅಮ್ಮ ಕರೀತಾ ಇದ್ದಾಳೆ. ಹೋಗುವ. ನನ್ನ ಮನೆಯವರೂ ಅಲ್ಲೇ ಇದ್ದಾರೆ" ಎಂದಳು.

ಸೆಟ್ಟಿ ಇದನ್ನೆಲ್ಲ ಕೇಳಿಸಿಕೊಂಡನೋ ಇಲ್ಲವೋ. ಅವನು ಮಂಜಿಯ ಅಂಚಿಗೆ ಆತುಕೊಂಡು ನೀರನ್ನೇ ನೋಡುತ್ತಿದ್ದ. ಒಡೆದ ತಳದಿಂದ ಕಾಯಿಗಳು ಹೊರಗೆ ಹರಿಯುತ್ತಿದ್ದವು, ಮತ್ತು ಮೂವತ್ತು ವರ್ಷದಿಂದ ಅವನು ತನ್ನ ಮಾಲನ್ನು ಕಣ್ಣಿನಿಂದ ಮರೆಯಾಗಲು ಬಿಟ್ಟವನಲ್ಲ. ಹಸನಬ್ಬನಿಗೆ ರೇಗಿತು. "ಜೀವ ಹೋಗುವ ಹೊತ್ತಿಗೂ ಕಾಯಿಯ ಮೇಲೆ ಕಣ್ಣಾ ಸೆಟ್ರೆ?"

"ಸುಮ್ಮನೆ ಇರು. ಆ ಕಡೆ ಬಿದ್ದದ್ದು ಎಲ್ಲಿ ಹೋಯ್ತು ನೋಡು."

ಹಸನಬ್ಬ ನೋಡಿದ. ಓಣಿಯ ಕಡೆಗೆ ಬಿದ್ದ ಕಾಯಿಗಳು ಸಾಲುಹಿಡಿದು ಹೊರಗಡಲಿಗೆ ನಡೆದಿದ್ದವು. ಕೂಕ್ರ ತೇಲಿದ ದಾರಿಯೂ ಅದೇ. ಮಂಜಿಯ ಇನ್ನೊಂದು ಮಗ್ಗುಲಲ್ಲಿ ಬಿದ್ದವು ತೆರೆಯ ಬಾಯಿಗೆ ಸಿಕ್ಕಿ, ಮುಳುಗಿ, ಎದ್ದು, ನೊರೆಯಲ್ಲಿ ಕಾಣೆಯಾಗಿ, ಸ್ವಲ್ಪ ಹೊತ್ತಿಗೆ ಮರಳಿನ ಮೇಲೆ ರಾಶಿಯಾಗಿ ಬಿದ್ದಿದ್ದವು. ಮಕ್ಕಳು ಆಗಲೇ ಅವನ್ನು ಆಯುತ್ತಿದ್ದರು. ಸೆಟ್ಟಿ ಇನ್ನೂ ನಾಲ್ಕು ಕಾಯಿ ತೆಗೆದು ಬೇಕೆಂದೇ ಒಂದೊಂದು ಕಡೆಗೆ ಎರಡೆರಡು ಎಸೆದ. ಅವೂ ಹಾಗೆಯೇ ಹೋದವು. "ಇಷ್ಟೆಲ್ಲ ನೀರು ದಂಡೆಗೆ ನುಗ್ತಾ ಉಂಟಲ್ಲ, ನುಗ್ಗಿದ್ದು ಎಲ್ಲಿಂದಾದರೂ ಹೊರಗೆ ಹೋಗಬೇಕು" ಎಂದ ಅವನು. "ಗಲಾಟೆ ಇರುವುದು ಒಳಗೆ ಬರುವ ಬಾಗಿಲು. ಸದ್ದಿಲ್ಲದ್ದು ಹೊರಗೆ ಹೋಗುವ ಬಾಗಿಲು. ನಾವು ಹೊರಗೆ ಹೋಗುವ ಬಾಗಿಲಲ್ಲಿ ಒಳಗೆ ಹೋಗಲಿಕ್ಕೆ ಹೊರಟಿದ್ದೇವೆ."

ಹಸನಬ್ಬನಿಗೆ ಅರ್ಥವಾಗಲು ಎರಡನೆಯ ಮಾತು ಬೇಕಾಗಲಿಲ್ಲ. ಅವನು ಮೇಲಟ್ಟದ ಹಲಗೆಗಳನ್ನು ಕೀಳಿಸತೊಡಗಿದ. ಒಪ್ಪದವಳು ದುಗ್ಗು. "ಅದು ಅಮ್ಮ ಬೇಡ ಅಂದ ಜಾಗ ಸೆಟ್ರೆ. ಅಲ್ಲಿ ಹಾಕಿದ್ದನ್ನು ಅವಳು ಮುಟ್ಟುವುದಿಲ್ಲ."

"ಅದನ್ನೇ ನಾನು ಹೇಳುವುದು ದುಗ್ಗಕ್ಕ. ಮುಟ್ಟುವುದಿಲ್ಲ. ಕಾಯಿಯನ್ನು ಬೇಡ ಅಂತ ದಂಡೆಗೆ ಎಸೆದವಳು ನಿನ್ನನ್ನು ಮಾತ್ರ ಇಟ್ಟುಕೊಳ್ತಾಳಾ?"

ಅವಳು ಮರಳಿನ ಮೇಲಿನ ಕಾಯಿರಾಶಿಯನ್ನು ನೋಡಿದಳು, ಆಮೇಲೆ ಓಣಿಯನ್ನು. ಹುಟ್ಟಿದಂದಿನಿಂದ ಎರಡನ್ನೂ ಕಂಡವಳು. ಆದರೆ ಬೇಡವೆನ್ನಿಸಿಕೊಂಡದ್ದು ಉಳಿಯುತ್ತದೆ ಎಂಬ ಕಡೆಯಿಂದ ನೋಡಿದ್ದು ಅದೇ ಮೊದಲು. "ಮಗಳು ಕಾಯ್ತಾ ಇದ್ದಾಳೆ" ಎಂದು ತನಗೆ ತಾನೇ ಹೇಳಿಕೊಂಡು ಸೆರಗು ಬಿಗಿದಳು. ಹಸನಬ್ಬ ಅವಳನ್ನು ಹಲಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿ, ಅಂಚು ಗಟ್ಟಿಯಾಗಿ ಹಿಡಿಯಲು ಹೇಳಿ, ದೊಡ್ಡ ತೆರೆ ಏಳುವ ಹೊತ್ತು ನೋಡಿ ತಳ್ಳಿದ. ಊರವರು ಹೋ ಎಂದರು. ಗುರಿಕಾರನ ಪಂಚೆ ಹುಚ್ಚಾಗಿ ಓಣಿಯ ಕಡೆ ಬೀಸಿತು. ತೆರೆ ಹಲಗೆಯನ್ನು ಬೆನ್ನ ಮೇಲೆ ಎತ್ತಿಕೊಂಡು, ಕುದುರೆ ಓಡಿದ ಹಾಗೆ ಓಡಿ, ನೊರೆಯ ಗುಡ್ಡದ ಜೊತೆಗೇ ಅವಳನ್ನು ಮರಳಿನ ಮೇಲೆ ಚೆಲ್ಲಿತು. ಮೊಣಕೈ ತರಚಿತ್ತು, ಗಂಟು ಹೋಗಿತ್ತು, ಉಳಿದಂತೆ ಅವಳಿಗೇನೂ ಆಗಿರಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಹಾಗೇ ಬಂದರು. ಈಜು ಬಾರದ ಸೆಟ್ಟಿ ಎರಡು ಸಲ ಹಲಗೆಯಿಂದ ಜಾರಿ, ಎರಡು ಸಲವೂ ಹಿಡಿದುಕೊಂಡು, ಬಾಯಿತುಂಬ ಮರಳಿನೊಂದಿಗೆ ದಂಡೆ ಸೇರಿದ. ಮಂಜಿ ಸಂಜೆಯೊಳಗೆ ಎರಡು ಹೋಳಾಯಿತು.

ಊರವರು ಸಂತೋಷಪಡಲು ಹೊರಟಾಗ ದುಗ್ಗು ನೆಟ್ಟಗೆ ಸೂರ ಗುರಿಕಾರನ ಎದುರು ಹೋಗಿ ನಿಂತಳು. ಅವನು ಅವಳ ಗಂಡನ ಸೋದರಮಾವ. ಅವಳು ಎಂದೂ ಅವನ ಮುಂದೆ ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ. "ಮಾವಯ್ಯ, ಅವರು ಹೋದ ದಿನವೂ ಇಲ್ಲೇ ನಿಂತು ಹೀಗೇ ಪಂಚೆ ಬೀಸಿದ್ದಿರಾ?" ಎಂದು ಕೇಳಿದಳು. ಗುರಿಕಾರ ಕೈಯಲ್ಲಿದ್ದ ಒದ್ದೆ ಪಂಚೆಯನ್ನು ನೋಡಿದ, ಸುತ್ತಿಕೊಳ್ಳುವುದನ್ನೂ ಮರೆತು ಮರಳಿನ ಮೇಲೆ ಕುಳಿತುಬಿಟ್ಟ. ಪಾತ್ರಿ ಮಾತ್ರ ಸಿಟ್ಟಿಗೆದ್ದ. "ನಿನ್ನೆ ಬಂದು ನಮ್ಮ ಅಮ್ಮನ ಜಾಗ ಬದಲಿಸುವವರು ನೀವು ಯಾರು ಸೆಟ್ರೆ?" ಎಂದ. ಸೆಟ್ಟಿ ಬಾಯಿಯ ಮರಳು ಉಗುಳಿ, "ನಾನು ಬದಲಿಸಲಿಲ್ಲ ಸ್ವಾಮಿ. ಅವಳು ದಿನಾ ವಾಪಸು ಕೊಡ್ತಾ ಇದ್ದಳು, ನೀವು ತೆಗೆದುಕೊಳ್ಳಲಿಲ್ಲ ಅಷ್ಟೆ" ಎಂದನಂತೆ. "ಕೊಟ್ಟದ್ದನ್ನು ಒಲ್ಲದ ಅಮ್ಮನಿಗೆ ಪೂಜೆ ಯಾರು ಮಾಡ್ತಾರೆ?" ಎಂದು ಪಾತ್ರಿ ಜನರ ಕಡೆ ತಿರುಗಿ ಕೇಳಿದ. ದುಗ್ಗು, "ನಾನು ಮಾಡ್ತೇನೆ" ಎಂದಳು. ಸೆರಗಿನ ತುದಿ ಬಿಚ್ಚಿ, ಒದ್ದೆಯಾಗಿ ಮುದ್ದೆಗಟ್ಟಿದ ಆರು ವರ್ಷದ ಹೂವಿನ ಪುಡಿಯನ್ನು ಪಾತ್ರಿಯ ಅಂಗೈಗೆ ಹಾಕಿ, ತೆರೆ ಒಡೆಯುವ ಬದಿಗೆ ನಡೆದಳು. ಮರುದಿನ ಆ ಕರಿಕಲ್ಲನ್ನು ಹೊತ್ತು ತಂದು ಬಂಡೆಗೆ ಒರಗಿಸಿದವನು ಗುರಿಕಾರನೇ ಎಂದು ಒಂದು ಮಾತು. ಅವನಿಗೆ ಹೊರಲಾಗದೆ ಹಸನಬ್ಬನೂ ಕೈಗೂಡಿಸಿದನೆಂದು ಇನ್ನೊಂದು ಮಾತು. ಪಾತ್ರಿಯ ಬಾಯಿಂದ ಬಂದ ಚುಚ್ಚುಮಾತೇ ದೇವಿಯ ಹೆಸರಾಗಿ ನಿಂತಿತು. ಸೆಟ್ಟಿಗೆ ಆ ವರ್ಷ ಚೌತಿಯ ವ್ಯಾಪಾರ ತಪ್ಪಿತು. ಆದರೆ ಬೇರೆ ಮಂಜಿ ಮಾಡಿಕೊಂಡು ಮುಂದಿನ ವರ್ಷ ಅವನು ಬಂದಾಗ, ಓಣಿಯಲ್ಲಿ ಹೋದವರು ಯಾರು ಎಂದು ಮೊದಲು ವಿಚಾರಿಸಿದನಂತೆ. ಯಾರೂ ಇಲ್ಲ ಎಂದರು. ಸರಿ, ಕಾಯಿ ತೋರಿಸಿ ಎಂದ.

ಈಗ ಹೋದವರಿಗೂ ಆ ಕರಿಕಲ್ಲು ಕಾಣುತ್ತದೆ. ಅದಕ್ಕೆ ಗುಡಿ ಕಟ್ಟಿಸುವ ಮಾತು ಮೂರು ಸಲ ಎದ್ದು ಮೂರು ಸಲವೂ ಬಿದ್ದುಹೋಗಿದೆ. ಗುಡಿಯೊಳಗೆ ಕುಳಿತರೆ ಅವಳಿಗೆ ತೆರೆ ಕಾಣುವುದಿಲ್ಲ ಎಂಬುದು ಊರವರ ತಕರಾರು. ಇಲ್ಲಿ ಕಾಯಿ ಒಡೆಯುವ ಕ್ರಮವಿಲ್ಲ, ಹುಂಡಿ ಇಲ್ಲ. ನೀರಿಗೆ ಇಳಿಯುವವರು, ಊರವರಾಗಲಿ ಹಲಗೆ ಹಿಡಿದು ಬಂದ ಪರವೂರಿನವರಾಗಲಿ, ಕಲ್ಲಿನ ಮುಂದೆ ನಿಂತು ಒಂದು ಕಾಯಿಯನ್ನು ಕಡಲಿಗೆ ಎಸೆದು ಕಾಯುತ್ತಾರೆ. ತೇಲಿ ಹೋದರೆ ಆ ದಿನ ಇಳಿಯುವುದಿಲ್ಲ. ಉರುಳಿಕೊಂಡು ಬಂದರೆ ಎತ್ತಿಕೊಂಡು ಮನೆಗೆ ಒಯ್ದು ಸಾರಿಗೆ ಹಾಕುತ್ತಾರೆ. ಎಸೆಯುವ ಮುನ್ನ ಹೇಳುವ ಪ್ರಾರ್ಥನೆಯೂ ಚಿಕ್ಕದು. ಬೇರೆಲ್ಲ ಕಡೆ ಜನ ಎರಡೂ ಕೈ ಜೋಡಿಸಿ ನನ್ನನ್ನು ಸ್ವೀಕರಿಸು ಎಂದು ಬೇಡಿದರೆ, ಕೆಂಬರೆಯಲ್ಲಿ ಮೊಣಕಾಲುದ್ದ ನೊರೆಯಲ್ಲಿ ನಿಂತು, "ನನ್ನನ್ನು ಒಲ್ಲೆ ಅನ್ನು ತಾಯಿ" ಎಂದು ಕೇಳಿಕೊಳ್ಳುತ್ತಾರೆ.