ಮೊದಲ ಹೋಳು

"ಗುರುಗಳೇ, ಮೀಸೆ ಚಿಗುರದ ಹುಡುಗನ ಕೈಗೆ ಚೂರಿ ಹೇಗೆ ಬರುತ್ತದೆ?" ಎಂದು ಶಿಷ್ಯ ಕೇಳಿದ.

ಶಿಷ್ಯ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದ. ಒಂಬತ್ತನೇ ತರಗತಿಯ ಹುಡುಗನ ಚೀಲದಲ್ಲಿ ಸಿಕ್ಕ ಚೂರಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮುಂದಿಟ್ಟಿದ್ದ. ಹುಡುಗನನ್ನು ಶಾಲೆಯಿಂದ ತೆಗೆದುಹಾಕುವ ಕಾಗದ ಶಿಷ್ಯನ ಜೇಬಿನಲ್ಲಿತ್ತು. ನಾಳೆ ಬೆಳಿಗ್ಗೆ ಅದಕ್ಕೆ ಸಹಿ ಹಾಕಬೇಕಿತ್ತು.

ಗುರುಗಳು ಚೂರಿಯನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಕತ್ತಿಗಳಿಗೆ ಸಾಣೆ ಹಿಡಿಯುವ ಒಬ್ಬನಿದ್ದ. ಸಾಣೆಚಕ್ರವನ್ನು ಹೆಗಲಿಗೇರಿಸಿಕೊಂಡು ಊರೂರು ಅಲೆಯುತ್ತಿದ್ದ. ವರ್ಷಕ್ಕೊಮ್ಮೆ ಒಂದು ಪೇಟೆಗೆ ಬಂದು, ಗರಡಿಮನೆಯ ಜಗಲಿಯ ಪಕ್ಕ ಚಕ್ರ ಹೂಡುತ್ತಿದ್ದ. ಸುದ್ದಿ ತಿಳಿದದ್ದೇ ತಡ, ಹುಡುಗರ ದಂಡು ಬರುತ್ತಿತ್ತು. ಒಬ್ಬನ ಕೈಯಲ್ಲಿ ಅಪ್ಪ ಚರ್ಮ ಕೊಯ್ಯುವ ರಂಪಿಗೆ, ಒಬ್ಬನ ಕೈಯಲ್ಲಿ ಬಿದಿರು ಸೀಳುವ ಕತ್ತಿ, ಇನ್ನೊಬ್ಬನ ತಲೆಯ ಮೇಲೆ ಅವ್ವನ ಈಳಿಗೆಮಣೆ.

ಸಾಣೆಗಾರನದೊಂದು ಕಟ್ಟಳೆ. ಕತ್ತಿಯನ್ನು ಕೈಯಿಂದ ಕೈಗೆ ಇಸಿದುಕೊಳ್ಳುತ್ತಿರಲಿಲ್ಲ, ನೆಲದ ಮೇಲೆ ಇಡಿಸುತ್ತಿದ್ದ. "ಯಾರ ಮನೇದು ಮರಿ? ಏನು ಕೊಯ್ಯೋಕೆ?" ಎಂದು ಕೇಳಿಯೇ ಅಲಗನ್ನು ಕಲ್ಲಿಗೆ ತಾಗಿಸುತ್ತಿದ್ದ. ಬಿದಿರಿಗೆ ದಪ್ಪ ಅಲಗು, ಚರ್ಮಕ್ಕೆ ತೆಳು. ತಂದವನೇ ಚಕ್ರದ ಪಟ್ಟಿ ಎಳೆಯಬೇಕು. "ಜೋರಾಗಿ ಎಳೆಯೋ! ಮುದ್ದೆ ಉಂಡು ಬಂದಿದ್ದೀಯೋ, ಗಾಳಿ ಕುಡಿದು ಬಂದಿದ್ದೀಯೋ?" ಎಂದರೆ ಜಗಲಿಯ ಪೈಲ್ವಾನರೆಲ್ಲ ಗೊಳ್ಳೆಂದು ನಗುತ್ತಿದ್ದರು. ಕಡೆಗೆ ಚೀಲದಿಂದ ಸೌತೆಕಾಯಿ ತೆಗೆದು, ಹೊಸ ಅಲಗಿನಲ್ಲಿ ಕೊಯ್ದು ನೋಡುತ್ತಿದ್ದ. ಮೊದಲ ಹೋಳು ಕತ್ತಿ ತಂದ ಹುಡುಗನಿಗೆ. ಬೆವರಿದ ಹುಡುಗ ಅದನ್ನು ಕಚ್ಚುತ್ತ, ಕತ್ತಿಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು, ಮನೆಯ ಯಜಮಾನನ ಹಾಗೆ ನಡೆದುಹೋಗುತ್ತಿದ್ದ.

ಕಾಲ ಸರಿಯಿತು. ಬಿದಿರುಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಚಪ್ಪಲಿ ಪೆಟ್ಟಿಗೆಯಲ್ಲಿ ಬಂತು. ಅಪ್ಪಂದಿರು ಕೆಲಸ ಹುಡುಕಿಕೊಂಡು ದೂರ ಹೋದರು. ಅವ್ವಂದಿರು ಹೊತ್ತು ಮೂಡುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತಿದರು. ಗರಡಿಮನೆಗೆ ಬೀಗ ಬಿತ್ತು. ಸಾಣೆಗಾರ ಆದರೂ ಬಂದ. ಹಳೆಯ ಚಾಳಿ ಬಿಡದೆ ಚೀಲದಲ್ಲಿ ಒಂದು ಸೌತೆಕಾಯಿಯನ್ನೂ ಇಟ್ಟುಕೊಂಡು ಬಂದ.

ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಆಮೇಲೆ ಒಬ್ಬ ಹುಡುಗ ಬಂದು ಹೊಸ ಚೂರಿಯೊಂದನ್ನು ಕೈಗೇ ಚಾಚಿದ.

"ಯಾರ ಮನೇದು ಮರಿ?"

"ಮನೇದಲ್ಲ, ನಂದು. ತುದಿ ಮಾತ್ರ ಚೂಪು ಮಾಡು ತಾತ."

ನಲವತ್ತು ವರ್ಷದಲ್ಲಿ ಬರೀ ತುದಿ ಕೇಳಿದವರು ಒಬ್ಬರೂ ಇರಲಿಲ್ಲ. ಕೊಯ್ಯುವ ಕೆಲಸಕ್ಕೆ ಬೇಕಾದದ್ದು ಅಲಗು.

"ಯಾಕೋ?"

"ಕೆಳಗಿನ ಓಣಿಯವರ ಹತ್ರಾನೂ ಐತೆ. ನಾನೊಬ್ಬ ಬರಿಗೈಲಿ ಹೆಂಗೆ ಓಡಾಡ್ಲಿ?"

ಮಾತಾಡುವಾಗಲೂ ಹುಡುಗ ಹೆದರಿದವನಂತೆ ಕೆಳಗಿನ ಓಣಿಯ ಕಡೆಗೇ ತಿರುತಿರುಗಿ ನೋಡುತ್ತಿದ್ದ. ಸಾಣೆಗಾರ ಅದನ್ನು ಕಂಡ. ಕಂಡರೂ, "ನನ್ನ ಕಲ್ಲು ಇಂಥದ್ದಕ್ಕಲ್ಲ, ನಡಿಯೋ ಆಚೆ!" ಎಂದು ಗದರಿದ.

ಹುಡುಗ ಹೋದ. ಸದ್ಯ, ಪಾಪದಿಂದ ಪಾರಾದೆ ಎಂದುಕೊಂಡು ಸಾಣೆಗಾರ ಚಕ್ರ ಬಿಚ್ಚಿದ. ಅತ್ತ ಹುಡುಗ ಗರಡಿಮನೆಯ ಹಿಂದಿನ ಕಲ್ಲುಮೆಟ್ಟಿಲಿಗೆ ತಾನೇ ಚೂರಿ ತಿಕ್ಕಿದ. ಹೊತ್ತು ಇಳಿಯುವಷ್ಟರಲ್ಲಿ ಕೆಳಗಿನ ಓಣಿಯ ಹುಡುಗನೊಬ್ಬ ಸತ್ತು ಬಿದ್ದಿದ್ದ. ಅವನೂ ಸೊಂಟಕ್ಕೆ ಅಂಥದೇ ಚೂರಿ ಸಿಕ್ಕಿಸಿಕೊಂಡಿದ್ದ. ಅದರ ತುದಿಯೂ ಯಾವುದೋ ಮೆಟ್ಟಿಲಿಗೆ ತಿಕ್ಕಿದ್ದೇ.

"ನೀನು ಸಾಣೆ ಹಿಡಿಯಲಿಲ್ಲವಲ್ಲ, ನಿನ್ನದೇನು ತಪ್ಪು?" ಎಂದರು ಊರವರು. ಸಾಣೆಗಾರ ಚೀಲಕ್ಕೆ ಕೈ ಹಾಕಿದ. ಸೌತೆಕಾಯಿ ಇಡಿಯಾಗಿಯೇ ಇತ್ತು.

ಗುರುಗಳು ಕತೆ ಮುಗಿಸಿದರು.

"ನಾನು ಹಾಗೆ ಬಿಡಲಿಲ್ಲ ಗುರುಗಳೇ. ಹುಡುಗನ ಕೈಯಿಂದ ಚೂರಿ ಕಿತ್ತುಕೊಂಡೆ" ಎಂದು ಶಿಷ್ಯ ಜೇಬಿನ ಕಾಗದವನ್ನು ಮುಟ್ಟಿಕೊಂಡ.

"ಆ ಕೈಗೆ ಏನು ಕೊಟ್ಟೆ?" ಎಂದರು ಗುರುಗಳು.