ಬಿರುಕಿನ ಮೇಲಿನ ದೇವರು

"ಅಜ್ಜಾರ, ಸೋಮವಾರದ ಊಟ ಬಿಟ್ಟೆ. ಉಪ್ಪು ಬಿಟ್ಟೆ. ಚಪ್ಪಲಿ ಬಿಟ್ಟೆ. ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ಇನ್ನ ಯಾವ ವ್ರತ ಹಿಡೀಲಿ?"

ಕೇಳಿದವನು ಮಠದ ಶಿಷ್ಯ ಚರಂತಯ್ಯ. ಬೆಳಗಿನ ಪೂಜೆ ಮುಗಿದಿತ್ತು. ಅಜ್ಜಾರೆಂದು ಎಲ್ಲರೂ ಕರೆಯುವ ಗುರುಗಳು ಜಗಲಿಯ ಮೇಲೆ ಕೂತಿದ್ದರು.

ಚರಂತಯ್ಯ ಕೇಳಿದ್ದು ಅರ್ಧ ಪ್ರಶ್ನೆ. ಉಳಿದರ್ಧ ಎರಡು ವರ್ಷದಿಂದ ಅವನ ಗಂಟಲಲ್ಲೇ ಕೂತಿತ್ತು. ಒಂದು ಸಂಜೆ ಬಾವಿಗೆ ನೀರಿಗೆಂದು ಹೋದವನು ಬಾವಿಯ ಗೇಟು ಹಾಕದೆ ಬಂದಿದ್ದ. ಮಠದ ಕರು ಬಾವಿಗೆ ಬಿದ್ದು ಸತ್ತಿತು. ಎಲ್ಲರೂ ದನ ಕಾಯುವ ಭರಮಪ್ಪನ ಕಡೆ ಬೆರಳು ತೋರಿಸಿದರು. ಗೇಟು ಹಾಕಿದ್ದೆನೆಂದು ಭರಮಪ್ಪ ಮೂರು ಸಲ ಹೇಳಿದ. ನಾಲ್ಕನೆಯ ಸಲ ಅವನಿಗೇ ಅನುಮಾನ ಬಂತು. ಹಾಕಿರಲಿಕ್ಕಿಲ್ಲ ಎಂದು ತಲೆ ತಗ್ಗಿಸಿದ. ಹೆಂಡತಿ ಮಕ್ಕಳನ್ನು ಕರೆದುಕೊಂಡು, ಗದ್ದುಗೆಗೆ ಅಡ್ಡಬಿದ್ದು, ಮಠ ಬಿಟ್ಟು ಹೋದ. ಮೂರು ಹರಿದಾರಿ ಆಚೆಯ ಊರಿನಲ್ಲಿ ಈಗ ಕೂಲಿ ಮಾಡುತ್ತಾನೆ. ಅವನು ಹೊರಟಾಗ ಚರಂತಯ್ಯ ಅಲ್ಲೇ ಕಂಬದ ಮರೆಯಲ್ಲಿ ನಿಂತಿದ್ದ. ಬಾಯಿ ತೆರೆಯಲಿಲ್ಲ. ಮರುದಿನದಿಂದ ವ್ರತ ಹಿಡಿದ.

ಅಜ್ಜಾರು ಅವನ ಕಾಲು ನೋಡಿದರು. ಬರಿಗಾಲಲ್ಲಿ ನಡೆದು ಹಿಮ್ಮಡಿ ಒಡೆದಿತ್ತು.

"ಕೂಡ್ರು" ಎಂದರು.

ಅಜ್ಜಾರು ದೀಕ್ಷೆ ತೆಗೆದುಕೊಳ್ಳುವ ಮೊದಲು ಟಿಂಕರ್ ಆಗಿದ್ದರು. ಗಾಡಿಗಳ ಹರಿದ ತಗಡು ಬೆಸೆಯುವ, ನೆಗ್ಗಿದ ತಗಡು ಬಡಿದು ನೆಟ್ಟಗೆ ಮಾಡುವ ಕೆಲಸ. ವೆಲ್ಡಿಂಗ್ ಕಿಡಿ ಬಿದ್ದ ಕಲೆಗಳು ಇನ್ನೂ ಅವರ ಮುಂಗೈ ಮೇಲಿದ್ದವು. ಅವರು ಕತೆ ಶುರುಮಾಡಿದರು.

ಒಬ್ಬ ಹೂವಿನ ವ್ಯಾಪಾರಿ ಇದ್ದ. ಅವನದೊಂದು ಪಿಕಪ್ ಗಾಡಿ. ಬೆಳಗ್ಗೆ ಸೇವಂತಿಗೆ ಬಿಡಿಸುವ ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಮಧ್ಯಾಹ್ನ ಹೂವು ತುಂಬಿಕೊಂಡು ಪೇಟೆಗೆ ಹೋಗುತ್ತಿದ್ದ. ಗಾಡಿಯ ಹಿಂಬಾಗಿಲಿನ ಕೀಲಿನ ಪಕ್ಕ ತಗಡು ಬಿರುಕು ಬಿಟ್ಟಿತು. ಉಗುರಿನಷ್ಟು ಬಿರುಕು, ಅಷ್ಟೇ. ಆಯುಧಪೂಜೆ ಹತ್ತಿರ ಬಂದಿತ್ತು. ಹಬ್ಬದ ದಿನ ಗಾಡಿಗೆ ಊನ ಕಾಣಬಾರದು ಎಂದು ವ್ಯಾಪಾರಿ ಅಂಗೈಯಗಲದ ದೇವರ ಸ್ಟಿಕ್ಕರ್ ತಂದು ಬಿರುಕಿನ ಮೇಲೆ ಅಂಟಿಸಿದ. ಅರಿಸಿನ ಕುಂಕುಮ ಹಚ್ಚಿದ, ಕಾಯಿ ಒಡೆದ. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಒಟ್ಟಿಗೇ ಆದವು.

ಬಿರುಕಿಗೆ ಹಬ್ಬ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳಿಗೆ ಅದು ಸ್ಟಿಕ್ಕರಿನ ಅಂಚು ದಾಟಿ ಕೆಳಗೆ ಇಳಿಯಿತು. ವ್ಯಾಪಾರಿ ಗಾಡಿಯನ್ನು ಒಬ್ಬ ಟಿಂಕರನ ಬಳಿಗೆ ತಂದ.

ತಗಡಿನ ಬಿರುಕು ಕಣ್ಣಿಗೆ ಕಂಡಲ್ಲಿಗೆ ಮುಗಿಯುವುದಿಲ್ಲ. ಬಣ್ಣ ಕೆರೆದು ಅದರ ತುದಿ ಹುಡುಕಬೇಕು. ತುದಿಗೆ ಒಂದು ಸಣ್ಣ ತೂತು ಕೊರೆಯಬೇಕು. ಹರಿಯುತ್ತ ಬಂದ ಬಿರುಕು ಆ ತೂತಿನಲ್ಲಿ ನಿಲ್ಲುತ್ತದೆ. ಬೆಸೆಯುವುದು ಆಮೇಲಿನ ಕೆಲಸ. ಟಿಂಕರ್ ಕೆಳಗಿನ ತುದಿಯನ್ನು ಹುಡುಕಿದ, ತೂತು ಕೊರೆದ. ಮೇಲಿನ ತುದಿ ಸ್ಟಿಕ್ಕರಿನ ಅಡಿಯಲ್ಲಿತ್ತು. ಅದನ್ನು ತೆಗೆಯಲು ಕೈ ಹಾಕಿದ.

"ಏ, ಮುಟ್ಟಬ್ಯಾಡ! ಪೂಜಿ ಮಾಡಿದ ದೇವರು ಅದು" ಎಂದ ವ್ಯಾಪಾರಿ.

"ಬಿರುಕಿನ ತುದಿ ಅದರ ಬುಡಕ್ಕ ಐತ್ರಿ. ಅಲ್ಲಿ ಒಂದು ತೂತು ಹೊಡೀದಿದ್ರ ಅದು ನಿಲ್ಲೂದಿಲ್ಲ."

"ದೇವರ ಎದಿಗೆ ತೂತು ಹೊಡೀತಿ ಏನ? ಕಂಡಷ್ಟಕ್ಕ ವೆಲ್ಡಿಂಗ್ ಮಾಡು. ಉಳಿದದ್ದು ಅವ ನೋಡ್ಕೋತಾನ."

ಟಿಂಕರ್ ಗಾಡಿಯನ್ನು ಹಾಗೇ ಹಿಂದಕ್ಕೆ ಕಳಿಸಬಹುದಿತ್ತು. ಕಳಿಸಲಿಲ್ಲ. ದೇವರನ್ನು ಕೆರೆದವನು ಎಂದು ಊರವರು ಆಡಿಕೊಂಡಾರು ಎಂಬ ಅಂಜಿಕೆ ಅವನಿಗೂ ಇತ್ತು. ಸ್ಟಿಕ್ಕರ್ ಸುಡದಂತೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ, ಅದರ ಅಂಚಿನವರೆಗೆ ಬೆಸೆದ. ಬೆಸುಗೆಯ ಗುರುತು ಮುಚ್ಚಲು ಪುಟ್ಟಿ ಮೆತ್ತಿ ಉಜ್ಜಿದ, ಬಣ್ಣ ಹೊಡೆದ. ಗಾಡಿ ಹೊಸದರಂತಾಯಿತು. ಮೇಲೆ ಥಳಕು, ಒಳಗೆ ಹುಳುಕು ಎಂದು ಆ ಇಡೀ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ.

ಅಜ್ಜಾರು ಇಲ್ಲಿ ಸ್ವಲ್ಪ ತಡೆದರು. ಚರಂತಯ್ಯನ ಕಣ್ಣು ಅವರ ಮುಂಗೈಯ ಕಲೆಗಳ ಮೇಲಿತ್ತು. ಅವರು ಕೈಯನ್ನು ಮರೆಮಾಡಲಿಲ್ಲ. ಕತೆ ಮುಂದುವರಿಸಿದರು.

ಹೂವು ಬಿಡಿಸುವವರಲ್ಲಿ ಒಬ್ಬ ಹೆಂಗಸು ಇದ್ದಳು. ದಿನಾ ಗಾಡಿ ಹತ್ತುವಾಗ ಆ ದೇವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆಮೇಲೆ ಅದೇ ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಒಂದು ದಿನ ಹೊಲದ ದಾರಿಯಲ್ಲಿ ಗಾಡಿ ಒಂದು ಕುಣಿಗೆ ಇಳಿದು ಎದ್ದಿತು. ಕೀಲು ತಗಡಿನ ಸಮೇತ ಕಿತ್ತು ಬಂತು, ಬಾಗಿಲು ಕಳಚಿತು. ಅವಳು ಹಿಂದಕ್ಕೆ ಬಿದ್ದಳು. ಜೀವ ಉಳಿಯಿತು, ಸೊಂಟ ಹೋಯಿತು. ಮತ್ತೆಂದೂ ಅವಳು ನೆಟ್ಟಗೆ ನಿಲ್ಲಲಿಲ್ಲ.

ಸುದ್ದಿ ಕೇಳಿ ಟಿಂಕರ್ ಅವಳ ಮನೆಗೆ ಹೋದ. ಅವನು ಯಾರೆಂದು ಅವಳಿಗೆ ತಿಳಿಯದು. ಯಾರೋ ಪುಣ್ಯಾತ್ಮ ನೋಡಲು ಬಂದಿದ್ದಾನೆ ಎಂದು ಚಹಾ ಮಾಡಲು ಸೊಸೆಗೆ ಹೇಳಿದಳು.

"ಎಲ್ಲಾರೂ ಮುಂದ ಕುಂತಿದ್ರಂತ. ನೀ ಒಬ್ಬಾಕಿನ ಬಾಗಲಕ್ಕ ಯಾಕ ಆನಕೊಂಡು ಕುಂತಿದ್ದಿ ಯವ್ವಾ?" ಎಂದು ಟಿಂಕರ್ ಕೇಳಿದ.

"ಅಲ್ಲಿ ದೇವರಿದ್ದನಲ್ಲೋ ಯಪ್ಪಾ" ಎಂದಳು ಅವಳು. "ಅವನ ಮ್ಯಾಲೆ ಭಾರ ಹಾಕಿ ಕುಂತಿದ್ದೆ."

ಚಹಾ ಬಂತು. ಟಿಂಕರ್ ಅದನ್ನು ಕುಡಿಯಲಿಲ್ಲ. ಲೋಟವನ್ನು ನೆಲದ ಮೇಲಿಟ್ಟು, ಆ ಬಿರುಕು ತನಗೆ ಗೊತ್ತಿತ್ತು ಎಂದು ಅವಳಿಗೆ ಹೇಳಿದ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ, ಕ್ಷಮಿಸಲೂ ಇಲ್ಲ.

ಅಲ್ಲಿಂದ ಅವನು ನೇರವಾಗಿ ಗಾಡಿಯ ಹತ್ತಿರ ಹೋದ. ಈ ಸಲ ವ್ಯಾಪಾರಿ ತಡೆಯಲಿಲ್ಲ. ಟಿಂಕರ್ ಆ ದೇವರಿಗೆ ಕೈಮುಗಿದು, ಸ್ಟಿಕ್ಕರನ್ನು ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಿದ. ಉಗುರಿನಷ್ಟಿದ್ದ ಬಿರುಕು ಅದರ ಅಡಿಯಲ್ಲಿ ಅಂಗೈಯುದ್ದ ಆಗಿತ್ತು.

ಕತೆ ನಿಂತಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಚರಂತಯ್ಯನ ಕೈ ಕೊರಳ ಜಪಮಾಲೆಗೆ ಹೋಯಿತು. ಎಲ್ಲವೂ ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದರಿಂದಲೇ ಭಯವಾಯಿತು. ನಿಜ ಹೇಳಿದರೆ ಮಠದಲ್ಲಿ ತನಗೆ ಜಾಗ ಉಳಿಯುತ್ತದೋ ಇಲ್ಲವೋ. ಭರಮಪ್ಪ ಬಾಗಿಲು ತೆರೆಯುತ್ತಾನೋ ಇಲ್ಲವೋ. ಕೊನೆಯದೊಂದು ಸಲ ತಪ್ಪಿಸಿಕೊಳ್ಳಲು ನೋಡಿದ.

"ಹಂಗಾದ್ರ ಅಜ್ಜಾರ," ಅವನ ದನಿ ಅವನಿಗೇ ಕೇಳುವಷ್ಟು ಸಣ್ಣದಾಗಿತ್ತು, "ಒಂದು ಹೊತ್ತಿನ ಊಟಾನೂ ಬಿಟ್ಟುಬಿಡ್ಲೇನ್ರಿ?"

ಅಜ್ಜಾರು ಅವನ ಮುಖವನ್ನೇ ನೋಡಿದರು.

"ಹೊಟ್ಟಿ ತುಂಬ ಉಂಡು ಹೋಗು, ತಮ್ಮಾ. ಮೊದಲ ಆ ದೇವರನ್ನ ಸ್ವಲ್ಪ ಬಾಜೂಕ ಸರಿಸು."

ಚರಂತಯ್ಯ ಎದ್ದು ಊಟಕ್ಕೆ ನಡೆದ. ಭರಮಪ್ಪನ ಊರಿಗೆ ಮೂರು ಹರಿದಾರಿ ನಡೆಯಬೇಕಿತ್ತು.