ಬಾಯಿ ತೆರೆದ ಸಿಂಹ, ಬಾಯಿ ಮುಚ್ಚಿದ ಸಿಂಹ

ಕೇಳ್ರಪ್ಪಾ, ನಾನೂ ಕೇಳಿದ್ದನ್ನೇ ಹೇಳ್ತೀನಿ. ಹೊತ್ತು ಹುಟ್ಟೋ ದಿಕ್ಕಿಗೆ, ಸಮುದ್ರದ ನಡುವೆ ಜಪಾನು ಅಂತ ಒಂದು ದೇಶ. ಅಲ್ಲೊಂದು ಊರಲ್ಲಿ ಮೊಸುಕೆ ಅನ್ನೋ ಮುದುಕ ಇದ್ದನಂತೆ. ಎಂಥಾ ಅನುಮಾನದ ಪ್ರಾಣಿ ಅಂತೀರಿ! ನಾಯಿ ಬೊಗಳಿದರೆ ಕಳ್ಳ ಬಂದ ಅನ್ನೋನು, ಬೊಗಳದಿದ್ದರೆ ನಾಯೀನೇ ಕಳ್ಳನ ಕಡೆ ಅನ್ನೋನು.

ಇವನ ಸೊಸೆ ಕಿನು, ಗೊಂಬೆ ಮಾಡೋರ ಮಗಳು. ಹೆಣ್ಣುಕೂಸು ಹಡೆದು ತೌರಿಂದ ಬರುವಾಗ ಅವಳಪ್ಪ ಎರಡು ಕೆಂಪು ಸಿಂಹದ ಗೊಂಬೆ ಕೊಟ್ಟು ಕಳಿಸಿದನಂತೆ. ಕಾಗದದ ಮೇಲೆ ಕಾಗದ ಅಂಟಿಸಿ ಮಾಡಿದ್ದು. ಒಳಗೆಲ್ಲ ಟೊಳ್ಳು, ತಲೆ ಮಾತ್ರ ಹಂಡೆಯಷ್ಟು ದಪ್ಪ. ಒಂದು ಬಾಯಿ ತೆರೆದಿತ್ತು, ಇನ್ನೊಂದು ಮುಚ್ಚಿತ್ತು.

“ಇದ್ಯಾಕೆ ಬಾಯಿ ಬಿಟ್ಕೊಂಡೈತೆ?” ಅಂದ ಮುದುಕ.

“ಕೆಟ್ಟದ್ದು ಕಂಡರೆ ತಿನ್ನೋದಕ್ಕೆ, ಮಾವಯ್ಯಾ.”

“ಅದ್ಯಾಕೆ ಮುಚ್ಕೊಂಡೈತೆ?”

“ಮನೇಲಿರೋ ಒಳ್ಳೇದು ಆಚೆ ಹೋಗದಿರಲಿ ಅಂತ.”

“ಹೂಂ,” ಅಂದ. ನಂಬಲಿಲ್ಲ. ಬೀಗರ ಮನೆಯಿಂದ ಬಂದಿದ್ದು, ಒಳಗೆ ಏನೋ ಮಡಗಿರ್ತಾರೆ ಅಂತ ಅವನ ಗುಮಾನಿ.

ದಿನಾ ಬೆಳಿಗ್ಗೆ ಕಿನು ಕೂಸಿನ ತಲೇನ ಆ ತೆರೆದ ಬಾಯಲ್ಲಿ ಒಂದು ಗಳಿಗೆ ಇಟ್ಟು ತೆಗೆಯೋಳು. ಸಿಂಹ ಕಚ್ಚಿದ ತಲೆಗೆ ಕೇಡು ತಟ್ಟೋದಿಲ್ಲ ಅಂತ ಆ ಕಡೆ ಪದ್ಧತಿಯಂತೆ. ಮುದುಕ ಬಾಗಿಲ ಸಂದೀಲಿ ಒಂದು ದಿನ ನೋಡ್ದ, ಎರಡು ದಿನ ನೋಡ್ದ. ಮೂರನೇ ದಿನ ಕೂಸಿಗೆ ಮೈ ಬಿಸಿಯಾಯ್ತು. ತಗೋ!

“ಆ ಗೊಂಬೆಗೆ ಕೂಸಿನ ಉಸಿರು ಉಣ್ಣಿಸ್ತಿದ್ದೀಯ! ಹೊತ್ತು ಮುಳುಗೋದರೊಳಗೆ ತೌರಿಗೆ ನಡಿ. ಕೂಸು ಇಲ್ಲೇ ಇರ್ತದೆ!”

ಎದೆಹಾಲು ಕುಡಿಯೋ ಕೂಸು ಕಣ್ರವ್ವಾ! ಕಿನು ಕಾಲು ಹಿಡಿದಳು, ಅತ್ತಳು. ಗಂಡ ಅನ್ನಿಸಿಕೊಂಡೋನು ನೆಲ ನೋಡ್ತಾ ನಿಂತ. ಅವನ ಮುಖಕ್ಕಿಷ್ಟು!

ಅವಳು ಗಂಟು ಕಟ್ಟೋಕೆ ಹೋದಳು. ಒಳಗೇನೈತೆ ನೋಡೇ ಬಿಡೋಣ ಅಂತ ಮುದುಕ ಸಿಂಹದ ಬಾಯಿಗೆ ತಲೆ ತೂರಿಸಿದ. ಏನೂ ಇಲ್ಲ, ಬರೀ ಕತ್ತಲು. ವಾಪಸ್ ಎಳೆದರೆ ತಲೆ ಬರ್ತಾನೇ ಇಲ್ಲ!

ಮಗ ಕೊಡಲಿ ತಂದ. “ನನ್ನ ಕತ್ತಿಗೇ ಗುರಿ ಇಟ್ಟಿದ್ದೀಯ!” ಅಂತ ಮುದುಕ ಒಳಗಿಂದ ಕೂಗಿದ. ನೆರೆಯವರು ಸೊಂಟ ಹಿಡಿದೆಳೆದರು. “ನನ್ನ ಸೊಂಟದ ದುಡ್ಡಿನ ಚೀಲಕ್ಕೆ ಕೈ ಹಾಕ್ತೀರಾ!” ಅಂತ ಒದ್ದ. ಸಾಕಪ್ಪಾ ನಿನ್ನ ಸಹವಾಸ ಅಂತ ಎಲ್ಲರೂ ಹೋದರು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಆಯ್ತು, ಮಧ್ಯಾಹ್ನ ಹೋಗಿ ಸಂಜೆ ಆಯ್ತು.

ಆಗ ಕಿನು ಬಂದಳು. “ಮಾವಯ್ಯಾ, ಗದ್ದ ಎತ್ತಿದ್ದೀರಿ, ಅದಕ್ಕೇ ಸಿಕ್ಕೊಂಡಿದೆ. ತಲೆ ಬಗ್ಗಿಸಿ.”

ಇದರಲ್ಲೇನೋ ಮಸಲತ್ತು ಐತೆ ಅಂತ ಮುದುಕ ಯೋಚಿಸಿದ. ಅಲ್ಲಾ, ನನ್ನ ಕಣ್ಣು ಕತ್ತಲಲ್ಲಿ ಐತೆ. ಇವಳು ಕೂಸು ಎತ್ಕೊಂಡು ಹೋಗಿದ್ದರೆ ತಡೆಯೋರು ಯಾರು? ಹೋಗದೆ ಯಾಕೆ ನಿಂತಿದ್ದಾಳೆ? ಎಷ್ಟು ತಿಣುಕಿದರೂ ಅದಕ್ಕೊಂದು ಕೆಟ್ಟ ಕಾರಣ ಹೊಳೀಲಿಲ್ಲ. ಕಡೆಗೆ ತಲೆ ಬಗ್ಗಿಸಿದ. ಸಲೀಸಾಗಿ ಆಚೆ ಬಂತಂತೆ.

ನೋಡಿದರೆ ಕಿನು ಹೆಗಲಲ್ಲಿ ಗಂಟು, ಸೊಂಟದಲ್ಲಿ ಕೂಸು. ಜ್ವರ ಇಳಿದು ಬೊಚ್ಚುಬಾಯಲ್ಲಿ ನಗ್ತಾ ಇತ್ತು. ಮುದುಕನೇ ಆ ಗಂಟು ಇಳಿಸಿಕೊಂಡು, “ತಪ್ಪಾಯ್ತು ಕಣಮ್ಮಾ. ಕೂಸಿಗೆ ಹಾಲು ಕೊಡು,” ಅಂದ.

ಮಾರನೇ ದಿನದಿಂದ ಸಿಂಹದ ಬಾಯಿಗೆ ಮೊದಲು ಕೂಸಿನ ತಲೆ, ಆಮೇಲೆ ಮುದುಕನ ತಲೆ. ಗದ್ದ ಎತ್ತದೆ, ಬಗ್ಗಿಸಿಕೊಂಡೇ ಇಡೋನು.

“ನಿಮಗ್ಯಾಕೆ ಮಾವಯ್ಯಾ, ಈ ವಯಸ್ಸಲ್ಲಿ?”

“ಇನ್ನೂ ಒಂಚೂರು ಅನುಮಾನ ಉಳ್ಕೊಂಡೈತೆ ಕಣಮ್ಮಾ. ತಿನ್ನಲಿ.”

ಆ ಸಿಂಹದ ಬಾಯಿ ಅಲ್ಲಿ ತೆರೆದಿರಲಿ, ಕಥೆ ಹೇಳಿದ ಬಾಯಿ ಇಲ್ಲಿ ಮುಚ್ಚಲಿ.